ಉಯುನಿ ಉಪ್ಪಿನ ಸಮುದ್ರ

ದರ್ಜಿ ಸೆವೆರೊ ತಾರ್ಕಿ ತನ್ನ ಜೀವಮಾನದಲ್ಲಿ ಸಮುದ್ರ ಕಂಡದ್ದು ಒಂದೇ ಸಲ, ಅದೂ ಒಂದು ಗಂಟೆ ಹೊತ್ತು. ಇಪ್ಪತ್ತೆರಡರ ವಯಸ್ಸಿನಲ್ಲಿ ಗಡಿ ದಾಟಿ ಚಿಲಿಯ ಅರಿಕಾ ಬಂದರಿಗೆ ಹೋಗಿದ್ದ. ದಾರಿಯಲ್ಲಿ ಬಸ್ಸು ಕೆಟ್ಟಿತು, ವಾಪಸು ಬಸ್ಸಿಗೆ ಎರಡೇ ಗಂಟೆ ಉಳಿಯಿತು, ಅದರಲ್ಲಿ ಒಂದು ಗಂಟೆ ನಿಲ್ದಾಣದ ಕಕ್ಕಸಿನ ಸಾಲಿನಲ್ಲಿ ಕಳೆಯಿತು. ಉಳಿದ ಒಂದು ಗಂಟೆ ದಂಡೆಯ ಮೇಲೆ ನಿಂತು, ಅಲೆಯೊಂದು ಬಂದು ಪ್ಯಾಂಟಿನ ಅಂಚು ತೋಯಿಸಿದ್ದಕ್ಕೆ ಕಣ್ಣೀರು ಹಾಕಿ, ಬಸ್ಸು ಹತ್ತಿದ. ಅಷ್ಟು ಅನುಭವದ ಬಲದ ಮೇಲೆ ಮುಂದಿನ ಮೂವತ್ತೈದು ವರ್ಷ ಲಾ ಪಾಸಿನ ನಮ್ಮ ಬೀದಿಯವರಿಗೆಲ್ಲ ಸಮುದ್ರದ ಪಾಠ ಹೇಳಿದ. ಎದುರು ಮಾತಾಡುವವರು ಯಾರೂ ಇರಲಿಲ್ಲ, ಏಕೆಂದರೆ ಉಳಿದವರು ಅಷ್ಟನ್ನೂ ಕಂಡಿರಲಿಲ್ಲ.

ಬೊಲಿವಿಯಾಕ್ಕೆ ಸಮುದ್ರವಿಲ್ಲ. ನೂರನಲವತ್ತು ವರ್ಷದ ಹಿಂದಿನ ಯುದ್ಧದಲ್ಲಿ ಅದು ಚಿಲಿಯ ಪಾಲಾಯಿತು. ಅಂದಿನಿಂದ ನಾವು ಅದನ್ನು ಮರಳಿ ಪಡೆಯುತ್ತಲೇ ಇದ್ದೇವೆ, ವರ್ಷಕ್ಕೊಂದು ಸಲ, ಮಾರ್ಚ್ ಇಪ್ಪತ್ತಮೂರಕ್ಕೆ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ. ಆ ದಿನಕ್ಕೆ ಸಮುದ್ರ ದಿನ ಎಂದು ಹೆಸರು. ಬ್ಯಾಂಡು ಬಾರಿಸುತ್ತಾರೆ, ಭಾಷಣ ಮಾಡುತ್ತಾರೆ, ಶಾಲೆಯ ಮಕ್ಕಳು ನಾವಿಕರ ಬಿಳಿ ಉಡುಪು ತೊಟ್ಟು ಕಡಿದಾದ ಬೀದಿಗಳಲ್ಲಿ ಏದುಸಿರು ಬಿಡುತ್ತ ಮೆರವಣಿಗೆ ಹೋಗುತ್ತಾರೆ. ಆ ಉಡುಪುಗಳನ್ನು ಹೊಲಿಯುವವನೇ ಸೆವೆರೊ. ಫೆಬ್ರವರಿ ಬಂತೆಂದರೆ ಅವನ ಅಂಗಡಿಯಲ್ಲಿ ನೀಲಿ ಕಾಲರು, ಲಂಗರಿನ ಗುಂಡಿ, ಬಿಳಿ ಟೊಪ್ಪಿಗಳ ರಾಶಿ. ಹಡಗು ಹತ್ತದ ದರ್ಜಿ ಹಡಗು ಹತ್ತದ ಮಕ್ಕಳನ್ನು ವರ್ಷಕ್ಕೆ ನೂರಿಪ್ಪತ್ತರಂತೆ ನಾವಿಕರನ್ನಾಗಿ ಮಾಡಿ ಕಳಿಸುತ್ತಿದ್ದ.

ಇಷ್ಟಕ್ಕೇ ತೃಪ್ತಿಪಟ್ಟುಕೊಂಡಿದ್ದರೆ ಅವನು ಸೆವೆರೊ ಹೇಗಾದಾನು? ಎರಡು ವರ್ಷದ ಹಿಂದೆ ಅಂಗಡಿಯ ಕಿಟಕಿಗೆ ಅಂಟಿಕೊಂಡಂತೆ ಒಂದು ಗಾಜಿನ ತೊಟ್ಟಿ ಇಟ್ಟು, ಅದರಲ್ಲಿ ಸಮುದ್ರ ಶುರು ಮಾಡಿದ. ಇನ್ನೂರು ಲೀಟರಿನ ಸಮುದ್ರ. ಮೀನಿಲ್ಲ, ಮೀನು ಯಾರು ಬೇಕಾದರೂ ಸಾಕುತ್ತಾರೆ ಎಂದು ಮೂಗು ಮುರಿದ. ಅವನು ಸಾಕಿದ್ದು ಒಂದು ಮೆದು ಹವಳ. ಕಲ್ಲಿನ ಮೇಲೆ ಬೇರೂರಿ ಕೂತ, ಅಣಬೆಯ ಆಕಾರದ, ತೊಗಲಿನಂಥ ಮೈಯ ಒಂದು ಜೀವ. ಖುಷಿಯಲ್ಲಿದ್ದಾಗ ಅದರ ತಲೆಯ ಮೇಲೆ ಸಾವಿರಾರು ಎಳೆಗಳು ಎದ್ದು ನಿಂತು ನೀರಿನಲ್ಲಿ ತೂಗುತ್ತಿದ್ದವು. ಸೆವೆರೊ ಹೊಲಿಗೆ ನಿಲ್ಲಿಸಿ ನೋಡುತ್ತ ಕೂತುಬಿಡುತ್ತಿದ್ದ. ಹೇಳಲು ನಾಚಿಕೆಯಿತ್ತು, ಆದರೆ ಅವನಿಗೆ ಅದರ ಮೇಲೆ ಬಲು ಪ್ರೀತಿ. ಮದುವೆಯಾಗಿ ಊರು ಬಿಟ್ಟ ಮಗಳಿಗೆ ಫೋನು ಮಾಡಿದಾಗ ಮೊದಲು ಹವಳದ ಆರೋಗ್ಯ ಹೇಳಿ, ಆಮೇಲೆ ಅವಳದನ್ನು ಕೇಳುತ್ತಿದ್ದ.

ಲಾ ಪಾಸಿನಲ್ಲಿ ಸಮುದ್ರ ಸಾಕುವುದು ಹುಡುಗಾಟವಲ್ಲ. ಈ ಎತ್ತರದಲ್ಲಿ ಮನುಷ್ಯರೇ ನಾಲ್ಕು ಮೆಟ್ಟಿಲು ಹತ್ತಿ ಬಾಯಿ ಬಿಡುತ್ತಾರೆ, ನೀರಿಗೆ ಗಾಳಿ ಎಲ್ಲಿಂದ ಬರಬೇಕು. ಅದಕ್ಕೆಂದು ಎರಡು ಪಂಪು. ಚಳಿಗೆ ಎರಡು ಹೀಟರ್, ಸಾಲದ್ದಕ್ಕೆ ತೊಟ್ಟಿಯ ಮೂರು ಬದಿಗೆ ಲಾಮಾ ಉಣ್ಣೆಯ ಕಂಬಳಿ. ಆ ಕಂಬಳಿ ಹೆಂಡತಿ ಬಸಿಲಿಯಾಳದು. ಮೂಲೆಯಲ್ಲಿ ಬಂಡಿ ಇಟ್ಟುಕೊಂಡು ಬೆಳಗ್ಗೆ ಆಪಿ ಎಂಬ ಮುಸುಕಿನ ಜೋಳದ ಬಿಸಿ ಬಿಸಿ ಗಂಜಿ ಮಾರುವ ಅವಳು, ತಾನು ಎರಡು ಶಾಲು ಹೊದ್ದು ಮಲಗಿ ಕಂಬಳಿಯನ್ನು ಹವಳಕ್ಕೆ ಬಿಟ್ಟುಕೊಟ್ಟಿದ್ದಳು. ತ್ಯಾಗವೆಂದಲ್ಲ, ಗಂಡನ ಪ್ರವಚನ ಕೇಳುವುದಕ್ಕಿಂತ ಚಳಿಯೇ ವಾಸಿ ಎಂದು.

ಇಷ್ಟರ ತನಕ ಎಲ್ಲ ಸರಿಯಿತ್ತು. ಕೆಟ್ಟದ್ದು ಜನವರಿಯ ಕೊನೆಯಲ್ಲಿ, ಬೀದಿಯ ಸಂಘದ ಸಭೆಯಲ್ಲಿ.

ಸಂಘದ ಅಧ್ಯಕ್ಷ ಹಿಲಾರಿಯೊ. ಮೈಕು ಬಾಡಿಗೆಗೆ ಕೊಡುವುದು ಅವನ ಕಸುಬು. ಮೈಕು ಅವನದಾದ್ದರಿಂದ ಅಧ್ಯಕ್ಷಗಿರಿಯೂ ಅವನದೇ. ಸೆವೆರೊನ ಮಗಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡು ನಿಂತವನು, ಆದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು ಕಂಪಾದ್ರೆ ಎನ್ನುತ್ತಾರೆ, ಜಗಳವಾಡುವಾಗಲೂ. ಆ ಸಲದ ಸಮುದ್ರ ದಿನಕ್ಕೆ ಮೆರವಣಿಗೆಯೆಲ್ಲ ಸೆವೆರೊನ ಕಿಟಕಿಯ ಮುಂದೆ ನಿಲ್ಲಬೇಕು, ಮಕ್ಕಳು ಸಮುದ್ರ ನೋಡಬೇಕು ಎಂದು ಹಿಲಾರಿಯೊ ಸೂಚಿಸಿದ. ಎಲ್ಲರೂ ಕೈ ಎತ್ತಿದರು. ಬಿಯರ್ ಬಾಟಲಿಗಳು ತೆರೆದವು, ಮೊದಲ ಗುಟುಕನ್ನು ಭೂತಾಯಿಗೆಂದು ನೆಲಕ್ಕೆ ಚೆಲ್ಲಿದ್ದಾಯಿತು. ನಾಲ್ಕನೆಯ ಬಾಟಲಿಯ ಹೊತ್ತಿಗೆ ಯಾರೋ ಒಬ್ಬರು, "ಡಾನ್ ಸೆವೆರೊ, ನಿಮ್ಮ ಸಮುದ್ರಕ್ಕೆ ಉಪ್ಪು ಎಲ್ಲಿಂದ ತರ್ತೀರಿ?" ಎಂದು ಕೇಳಿದರು.

ಬಾಟಲಿಗಳು ಮೇಜಿಗಿಳಿದವು. ಆ ಉಪ್ಪು ಬರುವುದು ಬಕೆಟ್ಟಿನಲ್ಲಿ, ಚಿಲಿಯ ಇಕೀಕೆ ಬಂದರಿನಲ್ಲಿ ಇಳಿದು. ತಯಾರಾಗುವುದು ಇನ್ನೆಲ್ಲಿಯೋ, ಆದರೆ ಮುಚ್ಚಳದ ಮೇಲೆ ಇಕೀಕೆಯ ಚೀಟಿ ಅಂಟಿರುತ್ತದೆ. ನಮ್ಮಲ್ಲಿಗೆ ಬರುವ ಮುಕ್ಕಾಲು ಸಾಮಾನಿನ ಮೇಲೆ ಆ ಚೀಟಿ ಅಂಟಿರುತ್ತದೆ. ಸಭ್ಯರು ಅದನ್ನು ಮನೆಗೆ ಬಂದ ತಕ್ಷಣ ಕಿತ್ತು ಹಾಕುತ್ತಾರೆ. ಸೆವೆರೊನ ಮುಖ ಕೆಂಪೇರಿತು. ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟ. "ಪ್ರಪಂಚದಲ್ಲೇ ದೊಡ್ಡ ಉಪ್ಪಿನ ಬಯಲು ನಮ್ಮ ಉಯುನಿಯಲ್ಲಿರುವಾಗ ನಾನ್ಯಾಕೆ ಅವರ ದಾರೀಲಿ ಬಂದ ಉಪ್ಪು ಮುಟ್ಟಲಿ? ಇವತ್ತಿಂದ ನನ್ನ ಸಮುದ್ರಕ್ಕೆ ಉಯುನಿ ಉಪ್ಪು. ನಮ್ಮ ಕರಾವಳಿ ನಮಗೆ ಬರೋ ತನಕ ಬೇರೆ ಒಂದು ಹರಳೂ ಬೀಳಲ್ಲ."

ಚಪ್ಪಾಳೆ ಬಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಬೆಳಗಾಗುವಷ್ಟರಲ್ಲಿ ಎಲ್ಲರೂ ಮರೆಯುತ್ತಿದ್ದರು. ಆದರೆ ನಮ್ಮ ಜನಕ್ಕೆ ಬರೆದಿಡದೆ ಯಾವ ಮಾತೂ ಮಾತಲ್ಲ. ಬೀದಿನಾಯಿಗೆ ಹೆಸರಿಟ್ಟರೂ ನಡಾವಳಿ ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ಮೊಹರು ಒತ್ತಬೇಕು. ಹಿಲಾರಿಯೊ ಕೆಂಪು ರಟ್ಟಿನ ಪುಸ್ತಕ ತರಿಸಿ ಪ್ರತಿಜ್ಞೆಯನ್ನು ದಪ್ಪಕ್ಷರದಲ್ಲಿ ಬರೆದ. ಮೂವತ್ತೊಂದು ಜನ ಸಹಿ ಮಾಡಿದರು, ಓದು ಬಾರದವರು ಹೆಬ್ಬೆಟ್ಟು ಒತ್ತಿದರು. ಒಂದು ಹವಳದ ಊಟದ ಬಗ್ಗೆ ಇಷ್ಟು ಮಂದಿ ಜವಾಬ್ದಾರಿ ಹೊತ್ತದ್ದು ಬೇರೆಲ್ಲೂ ಇರಲಾರದು. ಹವಳವನ್ನು ಮಾತ್ರ ಯಾರೂ ಕೇಳಲಿಲ್ಲ.

ಮರುವಾರ ಉಯುನಿಯ ಎರಡು ಮೂಟೆ ಉಪ್ಪು ಬಂದಿಳಿಯಿತು. ಸೆವೆರೊ ವಾರಕ್ಕೊಮ್ಮೆ ತೊಟ್ಟಿಯ ಕಾಲು ಭಾಗ ನೀರು ತೆಗೆದು, ಉಯುನಿ ಉಪ್ಪು ಕರಗಿಸಿದ ಹೊಸ ನೀರು ತುಂಬತೊಡಗಿದ. ಎರಡನೆಯ ವಾರಕ್ಕೆ ಹವಳ ಎಳೆಗಳನ್ನೆಲ್ಲ ಒಳಗೆ ಎಳೆದುಕೊಂಡು ಬೋಳಾಗಿ ಕೂತಿತು. ಸೆವೆರೊ ಹೆದರಲಿಲ್ಲ. ಈ ಜಾತಿ ಆಗಾಗ ಮುದುಡಿ, ಮೇಣದಂಥ ಪೊರೆ ಕಳಚಿ, ಹತ್ತು ದಿನದಲ್ಲಿ ಮತ್ತೆ ಅರಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಹತ್ತು ದಿನ ಹೋಯಿತು, ಇಪ್ಪತ್ತು ಹೋಯಿತು. ಪೊರೆ ಕಳಚಲಿಲ್ಲ. ತಲೆ ಒಂದು ಕಡೆಗೆ ವಾಲಿ, ಬಿಳಿಚಿಕೊಂಡು, ಒದ್ದೆ ಟೊಪ್ಪಿಯ ಹಾಗೆ ಜೋತು ಬಿತ್ತು.

ಆಗ ಶುರುವಾಯಿತು ಚಿಕಿತ್ಸೆ. ಬೆಳಕು ಹೆಚ್ಚಾಯಿತೆಂದು ಲೈಟನ್ನು ಒಂದು ಗೇಣು ಮೇಲೆತ್ತಿದ. ಕಡಿಮೆಯಾಯಿತೆಂದು ಮರುದಿನ ಇಳಿಸಿದ. ಪಂಪಿನ ಗಾಳಿ ಜೋರು ಎಂದು ತಿರುಗಿಸಿದ. ಅಯೋಡಿನ್ ಹನಿ ಹಾಕಿದ. ಬೀದಿಯ ಗಲಾಟೆಗೆ ಬೆದರಿರಬೇಕೆಂದು ಕಿಟಕಿಗೆ ಪರದೆ ಬಿಟ್ಟ. ಹೊಲಿಗೆ ಯಂತ್ರದ ಸದ್ದಿಗೆ ಅಂಜಿರಬೇಕೆಂದು ಎರಡು ದಿನ ನಾವಿಕರನ್ನು ಕೈಯಲ್ಲೇ ಹೊಲಿದ. ನೀರು ಪರೀಕ್ಷೆಯ ಬಣ್ಣದ ಚೀಟಿಗಳನ್ನು ಅದ್ದಿ ಅದ್ದಿ ಗೋಡೆಗೆ ಸಾಲಾಗಿ ಅಂಟಿಸಿದ. ತೊಟ್ಟಿಯಲ್ಲಿ ಅನುಮಾನಿಸದೆ ಬಿಟ್ಟದ್ದು ಒಂದೇ ಒಂದು ವಸ್ತುವನ್ನು, ಅದು ಮೂಲೆಯಲ್ಲಿ ಎರಡು ಮೂಟೆಯಾಗಿ ಕೂತಿತ್ತು.

ಬಸಿಲಿಯಾ ಅದನ್ನು ಹವಳ ಮುದುಡಿದ ವಾರವೇ ಕಂಡಿದ್ದಳು. "ಉಪ್ಪು ಬದಲಾಯಿಸಿದ್ಮೇಲೆ ಅಲ್ವಾ ಇದು ಹೀಗಾಗಿದ್ದು?" ಎಂದಳು, ಆಪಿಯ ಪಾತ್ರೆ ಉಜ್ಜುತ್ತ.

"ಉಪ್ಪು ಉಪ್ಪೇ. ನೀನು ಸೂಪಿಗೆ ಹಾಕಲ್ವಾ ಇದನ್ನೇ?"

"ಹಾಕ್ತೀನಿ. ಆದ್ರೆ ನಾನು ಸೂಪಿನಲ್ಲಿ ವಾಸ ಮಾಡಲ್ಲ."

"ನಿನಗೆ ದೇಶ ಅನ್ನೋದು ಅರ್ಥ ಆಗಲ್ಲ ಬಸಿಲಿಯಾ."

"ದೇಶ ಅರ್ಥ ಆಗದಿದ್ರೂ ಗುಂಡಿ ಅರ್ಥ ಆಗತ್ತೆ." ಅವಳು ಕೈ ಒರೆಸಿಕೊಂಡು ಮೇಜಿನ ಮೇಲಿನ ಡಬ್ಬಿ ತಂದು ಅವನ ಮುಂದಿಟ್ಟಳು. ಲಂಗರಿನ ಗುಂಡಿಗಳ ಡಬ್ಬಿ. ತಳದಲ್ಲಿ ಇಕೀಕೆಯ ಚೀಟಿ. "ಇದೂ ಅಲ್ಲಿಂದ್ಲೇ ಬಂದಿದ್ದು. ದಾರ ಅಲ್ಲಿಂದ. ಕತ್ತರಿ ಅಲ್ಲಿಂದ. ನಿನ್ನ ಹೊಲಿಗೆ ಯಂತ್ರ ಹಡಗಿಂದ ಇಳಿದಾಗ ಯಾವ ಬಂದರಲ್ಲಿ ಇಳೀತು, ಉಯುನಿಲಾ? ನೂರಿಪ್ಪತ್ತು ಮಕ್ಕಳ ಎದೆ ಮೇಲೆ ಅವರ ಗುಂಡಿ ಹೊಲೀತೀಯ, ಒಂದು ಹವಳಕ್ಕೆ ಮಾತ್ರ ಉಪವಾಸ."

ಸೆವೆರೊ ಡಬ್ಬಿಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ. ಅದೇ ಅವನ ಉತ್ತರ.

ಗುರುವಾರ, ಭಾನುವಾರಗಳಲ್ಲಿ ಮೇಲೆ ಎಲ್ ಆಲ್ತೊದಲ್ಲಿ ದೊಡ್ಡ ಸಂತೆ ಸೇರುತ್ತದೆ. ಬಸ್ಸಿನ ಗಾಲಿಯಿಂದ ಸೂಜಿಯವರೆಗೆ ಸಿಗುವ ಆ ಸಂತೆಯ ಮೀನಿನ ಸಾಲಿನಲ್ಲಿ ಹಸಿಂತಾ ಎಂಬವಳ ಮಳಿಗೆ. ಅಗಲ ಲಂಗ, ಎರಡು ಜಡೆ, ತಲೆಯ ಮೇಲೆ ಗುಂಡು ಟೊಪ್ಪಿ, ಮುಂದೆ ಏಳು ತೊಟ್ಟಿ. ಸೆವೆರೊನಿಗೆ ಹವಳ ಮಾರಿದವಳು ಅವಳೇ. ಮಾರ್ಚ್ ಮೊದಲ ಭಾನುವಾರ ಅವನು ಬಾಟಲಿಯಲ್ಲಿ ತೊಟ್ಟಿಯ ನೀರು ಹಿಡಿದುಕೊಂಡು ಅವಳ ಮುಂದೆ ನಿಂತ. ಹಸಿಂತಾ ಚೀಟಿ ಅದ್ದಲಿಲ್ಲ, ಮೀಟರ್ ಇಡಲಿಲ್ಲ. ಒಂದು ಹನಿ ನಾಲಗೆಗೆ ಹಚ್ಚಿ, ಪಕ್ಕಕ್ಕೆ ಉಗಿದಳು.

"ಕಸೆರೊ, ಯಾವ ಉಪ್ಪಿದು?" ಖಾಯಂ ಗಿರಾಕಿಗಳನ್ನು ಅವಳು ಕಸೆರೊ ಎಂದೇ ಕರೆಯುವುದು.

"ಉಯುನಿದು," ಎಂದ ಸೆವೆರೊ, ಎದೆಯುಬ್ಬಿಸಿ.

"ಒಳ್ಳೇ ಉಪ್ಪು. ಮಾಂಸ ಒಣಗಿಸೋಕೆ, ಹಸು ನೆಕ್ಕೋಕೆ ಅದಕ್ಕಿಂತ ಒಳ್ಳೇದು ಸಿಗಲ್ಲ. ಸಮುದ್ರದಲ್ಲಿ ಬರೀ ಉಪ್ಪು ಇರತ್ತಾ? ಸುಣ್ಣ ಇರತ್ತೆ, ಮೆಗ್ನೀಸಿಯಂ ಇರತ್ತೆ, ಇನ್ನೂ ಏನೇನೋ ಇರತ್ತೆ. ಅದೆಲ್ಲ ಈ ಬಕೆಟ್ಟಲ್ಲಿ ಬೆರೆಸಿಟ್ಟಿರ್ತಾರೆ. ಒಯ್ಯಿರಿ, ನಿಮಗೆ ಅಂತ ಕೊಸರೂ ಹಾಕ್ತೀನಿ."

ಸೆವೆರೊ ಬಕೆಟ್ಟಿನ ಮುಚ್ಚಳ ನೋಡಿದ. ಇಕೀಕೆಯ ಚೀಟಿ ಅಲ್ಲಿಂದ ಅವನನ್ನೇ ನೋಡುತ್ತಿತ್ತು. "ನಾನು ಮಾತು ಕೊಟ್ಟಿದೀನಿ," ಎಂದ.

"ಹವಳಕ್ಕಾ?"

"ಸಂಘಕ್ಕೆ."

"ಹಾಗಿದ್ರೆ ಸಂಘಾನೇ ತೊಟ್ಟೀಲಿ ಇಟ್ಕೊಳಿ ಕಸೆರೊ," ಎಂದು ಹಸಿಂತಾ ಮುಂದಿನ ಗಿರಾಕಿಯತ್ತ ತಿರುಗಿದಳು.

ಸೆವೆರೊ ಬರಿಗೈಯಲ್ಲಿ ಇಳಿದು ಬಂದ. ಆದರೆ ಸುಣ್ಣ, ಮೆಗ್ನೀಸಿಯಂ ಎಂಬ ಮಾತು ಕಿವಿಗೆ ಬಿದ್ದಿತ್ತಲ್ಲ. ಮೊಟ್ಟೆಯ ಸಿಪ್ಪೆ ಪುಡಿ ಮಾಡಿ ಹಾಕಿದ. ಔಷಧಿ ಅಂಗಡಿಗೆ ಹೋಗಿ ಮಲಬದ್ಧತೆಗೆ ಕೊಡುವ ಕಹಿ ಉಪ್ಪಿನಲ್ಲಿ ಮೆಗ್ನೀಸಿಯಂ ಇದೆಯೆಂದು ತಿಳಿದು ಆರು ಪೊಟ್ಟಣ ಕೊಂಡ. ಅಂಗಡಿಯಾಕೆ ಅವನ ಮುಖವನ್ನೇ ನೋಡಿ, "ಎಷ್ಟು ದಿನ ಆಯ್ತು?" ಎಂದು ಕನಿಕರದಿಂದ ಕೇಳಿದಳು. ಆ ಪೊಟ್ಟಣಗಳು ಚಿಲಿಯಿಂದ ಬಂದವೇ ಎಂದು ಅವನು ತಿರುಗಿಸಿ ನೋಡಲಿಲ್ಲ. ದೇಶಪ್ರೇಮಕ್ಕೂ ಕಣ್ಣು ಮುಚ್ಚಿಕೊಳ್ಳುವ ಹೊತ್ತು ಬರುತ್ತದೆ. ಎರಡು ದಿನ ಹವಳ ಸ್ವಲ್ಪ ತಲೆಯೆತ್ತಿದಂತೆ ಕಂಡಿತು. ಮೂರನೆಯ ದಿನ ಮತ್ತೆ ಮಲಗಿತು.

ಈ ನಡುವೆ ಹಿಲಾರಿಯೊ ದಿನಕ್ಕೊಮ್ಮೆ ಬಂದು ಇಣುಕುತ್ತಿದ್ದ. "ಏನ್ ಕಂಪಾದ್ರೆ, ನಮ್ಮ ಸಮುದ್ರ ಇನ್ನೂ ಮುನಿಸ್ಕೊಂಡಿದೆಯಾ? ಮೆರವಣಿಗೆಗೆ ಇನ್ನು ಹತ್ತೇ ದಿನ. ರೇಡಿಯೋದವರಿಗೂ ಹೇಳಿದೀನಿ."

"ಏಳತ್ತೆ," ಎಂದ ಸೆವೆರೊ.

"ಏಳದಿದ್ರೆ ಪ್ಲಾಸ್ಟಿಕ್ಕಿಂದು ಒಂದು ತಂದಿಟ್ರಾಯ್ತು. ದೂರದಿಂದ ಯಾರಿಗೆ ಗೊತ್ತಾಗತ್ತೆ. ಪ್ರತಿಜ್ಞೆ ಮುಖ್ಯ."

ಸೆವೆರೊ ಕಿಟಕಿಯ ಪರದೆ ಎಳೆದ. ಆದರೆ ಆ ಮಾತು ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿಯಿತು. ಪ್ಲಾಸ್ಟಿಕ್ಕಿನದಾದರೂ ನಡೆಯುವುದಾದರೆ ಈ ಜೀವ ಯಾಕೆ ಸಾಯಬೇಕು ಎಂಬ ಪ್ರಶ್ನೆ ಅವನಿಗೆ ಬಂತು, ಬಂದ ತಕ್ಷಣ ಅದನ್ನು ಓಡಿಸಿದ. ಪುಸ್ತಕದಲ್ಲಿ ಮೂವತ್ತೊಂದು ಸಹಿ ಇದ್ದವು, ಮೊದಲ ಸಹಿ ತನ್ನದು.

ಆ ವರ್ಷ ಮಾರ್ಚ್ ಇಪ್ಪತ್ತಮೂರು ಗುರುವಾರ ಬಿತ್ತು. ಬೆಳಗ್ಗೆ ಆರಕ್ಕೆ ಸೆವೆರೊ ಕಡುನೀಲಿ ಸೂಟು ತೊಟ್ಟು, ತ್ರಿವರ್ಣದ ಪಟ್ಟಿ ಅಡ್ಡ ಹಾಕಿಕೊಂಡು, ತೊಟ್ಟಿಯ ಕಂಬಳಿ ಸರಿಸಿದ. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಹವಳದ ಬುಡ ಕಂದುಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು. ಕೊಳೆ ಬುಡದಿಂದ ತಲೆಗೆ ಹತ್ತುತ್ತಿತ್ತು. ಸೂಟಿನ ತೋಳು ಮಡಿಸದೆ ನೀರಿಗೆ ಕೈ ಹಾಕಿ ಮೆಲ್ಲಗೆ ಮುಟ್ಟಿ ನೋಡಿದ. ತಲೆಯ ಒಂದು ಅಂಚು ಮಾತ್ರ ಇನ್ನೂ ಗಟ್ಟಿಯಾಗಿತ್ತು. ಸೆವೆರೊ ಅಲ್ಲೇ ಸ್ಟೂಲಿನ ಮೇಲೆ ಕೂತ. ತನ್ನ ಕೈಯಾರೆ ಒಂದು ಜೀವವನ್ನು ತೆಗೆಯುತ್ತಿದ್ದೇನೆ ಎಂದು ಅವನಿಗೆ ಆ ಹೊತ್ತು ಮೊದಲ ಸಲ ಅನಿಸಿತು.

ಬಸಿಲಿಯಾ ಫೋನು ತೆಗೆದು ಹಸಿಂತಾಳಿಗೆ ಹಚ್ಚಿ ಅವನ ಕಿವಿಗಿಟ್ಟಳು.

"ಗಟ್ಟಿ ಇರೋ ತುಂಡು ಕೊಯ್ದು ತೆಗೀರಿ," ಎಂದಳು ಹಸಿಂತಾ. "ಕೊಳೆತದ್ದು ಒಂದು ಎಳೆಯೂ ಉಳೀಬಾರದು. ಒಂದು ಕಲ್ಲಿಗೆ ಕಟ್ಟಿ, ಒಳ್ಳೇ ನೀರಲ್ಲಿಡಿ. ಇವತ್ತು ಮಧ್ಯಾಹ್ನದೊಳಗೆ. ಹೊಸದಾಗಿ ಉಪ್ಪು ಕಲಸಿದ ನೀರು ಇವತ್ತಿಗೆ ಆಗಲ್ಲ, ಅದು ಒಂದು ದಿನ ಪಂಪಲ್ಲಿ ತಿರುಗ್ಬೇಕು. ನನ್ನ ತೊಟ್ಟಿ ನೀರೇ ಒಂದು ಕ್ಯಾನು ಕೊಡ್ತೀನಿ. ಬಿಸಿ ಆರದ ಹಾಗೆ ಒಯ್ಯಬೇಕು."

"ಬಕೆಟ್ಟೂ ಕೊಡಿ," ಎಂದ ಸೆವೆರೊ.

ಗಂಡ ಹೆಂಡತಿ ಕೇಬಲ್ ಗಾಡಿ ಹತ್ತಿ ಸ್ಮಶಾನದ ಮೇಲೆ ತೇಲಿ ಎಲ್ ಆಲ್ತೊ ಸೇರಿದರು. ಎದುರಿಗೆ ಕೂತ ಮುದುಕನೊಬ್ಬ ಸೆವೆರೊನ ಪಟ್ಟಿ ನೋಡಿ, "ಸಮುದ್ರಕ್ಕೆ ಹೊರಟ್ರಾ?" ಎಂದು ಗೌರವದಿಂದ ಕೇಳಿದ. "ಹೌದು, ತರೋಕೆ," ಎಂದಳು ಬಸಿಲಿಯಾ. ಹಸಿಂತಾ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿ ಇಟ್ಟಿದ್ದಳು. ಉಪ್ಪಿಗೆ ಹಣ ತೆಗೆದುಕೊಂಡಳು, ನೀರಿಗೆ ಬೇಡವೆಂದಳು, ಅದು ಕೊಸರು. ಬಸಿಲಿಯಾ ಬೆನ್ನಿಗೆ ಮಗು ಕಟ್ಟುವ ಪಟ್ಟೆಪಟ್ಟೆ ಅಗುವಾಯೊ ಬಟ್ಟೆಯಲ್ಲಿ ಕ್ಯಾನನ್ನು ಸುತ್ತಿ, ಬೆನ್ನಿಗೇರಿಸಿ, ಮೇಲೆ ಎರಡು ಶಾಲು ಹೊದ್ದಳು. "ನಿನಗೆ ಭಾರ ಆಗತ್ತೆ, ನಾನು ಹೊರ್ತೀನಿ," ಎಂದ ಸೆವೆರೊ. "ನಿನ್ನ ಬೆನ್ನಲ್ಲಿ ಬಿಸಿ ಇಲ್ಲ, ಬರೀ ಭಾಷಣ ಇರೋದು. ಬಕೆಟ್ ತಗೋ, ನಡಿ," ಎಂದಳು ಅವಳು.

ಕೆಳಗಿಳಿದು ಬರುವಷ್ಟರಲ್ಲಿ ಹತ್ತೂವರೆ. ನಮ್ಮ ಬೀದಿಯ ಎರಡೂ ಕಡೆ ಹಗ್ಗ ಕಟ್ಟಿ ಮುಚ್ಚಿದ್ದರು. ಬ್ಯಾಂಡು ಮೊಳಗುತ್ತಿತ್ತು, ಸೆವೆರೊ ಹೊಲಿದ ನಾವಿಕರು ಸಾಲಾಗಿ ನಿಂತಿದ್ದರು, ವೇದಿಕೆಯ ಮೇಲೆ ಹಿಲಾರಿಯೊ ಮೈಕು ಹಿಡಿದಿದ್ದ. ಅಂಗಡಿಗೆ ಹೋಗಬೇಕಾದರೆ ವೇದಿಕೆಯ ಮುಂದಿನಿಂದಲೇ ಹಾಯಬೇಕು. ಸೆವೆರೊ ಬಕೆಟ್ಟಿನ ಮುಚ್ಚಳವನ್ನು ಹೊಟ್ಟೆಗೆ ಒತ್ತಿಕೊಂಡು ಹೆಂಡತಿಯ ಹಿಂದೆ ಬಗ್ಗಿ ನಡೆದ. ನಲವತ್ತು ಹೆಜ್ಜೆ ಕಳೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಪ್ಪತ್ತರಲ್ಲೇ ಹಿಲಾರಿಯೊ ಕಂಡ.

"ಬಂದರು ನೋಡಿ, ನಮ್ಮ ಬೀದಿಯ ಸಮುದ್ರ ಕಾಯುವವರು," ಎಂದು ಮೈಕು ಗುಡುಗಿತು. "ಡಾನ್ ಸೆವೆರೊ ಮೇಲೆ ಬರಬೇಕು. ಉಯುನಿ ಉಪ್ಪಿನ ಪ್ರತಿಜ್ಞೆಯನ್ನ ಎಲ್ಲರ ಮುಂದೆ ಮತ್ತೆ ಓದಬೇಕು." ಕೆಂಪು ಪುಸ್ತಕ ಮೇಜಿನ ಮೇಲೆ ಸಿದ್ಧವಾಗಿ ತೆರೆದಿತ್ತು.

ಜನ ದಾರಿ ಬಿಟ್ಟರು, ಬೆನ್ನು ತಟ್ಟಿ ಮೇಲೆ ತಳ್ಳಿದರು. ಸೆವೆರೊ ಬಕೆಟ್ಟಿನ ಸಮೇತ ವೇದಿಕೆ ಹತ್ತಿದ. ಮೇಲಿನಿಂದ ನೋಡಿದರೆ ಬಸಿಲಿಯಾ ಹಗ್ಗದ ಪಕ್ಕ ಬಾಗಿ ನಿಂತಿದ್ದಳು. ಗಾಳಿ ಚಳಿಯಾಗಿತ್ತು. ಅವಳು ಒಂದು ಕೈಯನ್ನು ಹಿಂದೆ ಹಾಕಿ, ಮಗುವಿನ ಕಾಲು ತಣ್ಣಗಾಗಿದೆಯೇ ಎಂದು ನೋಡುವಂತೆ, ಕ್ಯಾನನ್ನು ಮುಟ್ಟಿ ನೋಡುತ್ತಿದ್ದಳು. ಪ್ರತಿಜ್ಞೆ ಓದಲು ಒಂದು ನಿಮಿಷ ಸಾಕು. ಆಮೇಲೆ ಹಿಲಾರಿಯೊನ ಭಾಷಣ, ಅದು ಒಂದು ಗಂಟೆಗೆ ಕಡಿಮೆ ಇಲ್ಲ, ಮುಗಿಯುವ ತನಕ ವೇದಿಕೆಯಿಂದ ಇಳಿಯುವುದು ಅವಮಾನ. ಸೆವೆರೊ ಬಕೆಟ್ಟನ್ನು ಪುಸ್ತಕದ ಮೇಲೆ ಇಟ್ಟ. ಚೀಟಿ ಜನರ ಕಡೆಗಿತ್ತು.

"ಅಕ್ಕಪಕ್ಕದವರೇ," ಎಂದ. ಮೈಕು ಒಮ್ಮೆ ಕೀರಿ ಸುಮ್ಮನಾಯಿತು. "ಇದು ಇಕೀಕೆಲಿ ಇಳಿದ ಉಪ್ಪು. ನಾನೇ ಹೋಗಿ ತಂದೆ. ಉಯುನಿ ಉಪ್ಪಲ್ಲಿ ಹವಳ ಬದುಕಲ್ಲ. ಪುಸ್ತಕದಲ್ಲಿ ನನ್ನ ಸಹಿ ಹೊಡೆದುಹಾಕಿ. ನೀರು ತಣ್ಣಗಾಗ್ತಿದೆ, ನಾನು ಹೋಗ್ತೀನಿ."

ಇಷ್ಟು ಹೇಳಿ ಬಕೆಟ್ ಎತ್ತಿಕೊಂಡು ಇಳಿದೇಬಿಟ್ಟ. ಚಪ್ಪಾಳೆಯಿಲ್ಲ, ಧಿಕ್ಕಾರವಿಲ್ಲ. ಚಿಲಿಯಿಂದ ಬಂದ ಮೈಕು, ಚಿಲಿಯಿಂದ ಬಂದ ತುತ್ತೂರಿ, ಚಿಲಿಯಿಂದ ಬಂದ ಗುಂಡಿಗಳು, ಎಲ್ಲ ಏಕಕಾಲಕ್ಕೆ ಮೌನವಾದವು. ಜನ ತಂತಮ್ಮ ಬೂಟುಗಳನ್ನು ನೋಡಿಕೊಂಡರು. ಅವೂ ಅದೇ ದಾರಿಯಲ್ಲಿ ಬಂದವು. ಕೊನೆಗೆ ಬ್ಯಾಂಡಿನ ಮೇಷ್ಟ್ರಿಗೆ ಬೇರೇನೂ ತೋಚದೆ ಬಾರಿಸಲು ಸನ್ನೆ ಮಾಡಿದ.

ಅಂಗಡಿಯಲ್ಲಿ ಬಸಿಲಿಯಾ ಬೆನ್ನಿಂದ ಕ್ಯಾನು ಇಳಿಸಿ ತೊಳೆದ ಟಬ್ಬಿಗೆ ನೀರು ಸುರಿದಳು. ಉಗುರುಬೆಚ್ಚಗಿತ್ತು. ಒಂದು ಹೀಟರನ್ನೂ ಪಂಪನ್ನೂ ತೊಟ್ಟಿಯಿಂದ ಕಿತ್ತು ಅದರಲ್ಲಿಟ್ಟಳು, ತುಂಡು ಕಟ್ಟಲೆಂದು ಬೇರೊಂದು ಕಲ್ಲನ್ನೂ ತೊಳೆದು ಇಳಿಸಿದಳು. ಸೆವೆರೊ ಹವಳವನ್ನು ಕಲ್ಲಿನ ಸಮೇತ ತಟ್ಟೆಗೆ ತೆಗೆದ. ನಲವತ್ತು ವರ್ಷ ಬಟ್ಟೆ ಕತ್ತರಿಸಿದವನು ಕತ್ತರಿಯನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ. ಬಟ್ಟೆ ತಪ್ಪಾದರೆ ಇನ್ನೊಂದು ಗಜ ತರಬಹುದು. ಹೊಲಿಗೆ ಬಿಚ್ಚುವ ಹೊಸ ಬ್ಲೇಡು ತೆಗೆದು, ಎಲ್ಲಿ ಗಟ್ಟಿ, ಎಲ್ಲಿ ಲೋಳೆ ಎಂದು ಬೆರಳಿನಿಂದ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಾಗ ಬಾಗಿಲು ದಢಾರನೆ ತೆರೆಯಿತು. ಹಿಲಾರಿಯೊ. ಕಂಕುಳಲ್ಲಿ ಕೆಂಪು ಪುಸ್ತಕ.

"ನನ್ನ ಮಾನ ಹರಾಜು ಹಾಕಿಬಿಟ್ಟೆ ಕಂಪಾದ್ರೆ. ರೇಡಿಯೋದವರ ಮುಂದೆ. ಈಗ ನಡಿ, ತಮಾಷೆಗೆ ಹೇಳಿದೆ ಅಂತ ಹೇಳು. ಇಲ್ಲಾಂದ್ರೆ ತಿದ್ದುಪಡಿ ಬರೆಯೋಣ. ಗಡಿ ದಾಟಿ ಬಂದ ಉಪ್ಪು ನಮ್ಮ ನೆಲ ಮುಟ್ಟಿದ ಕೂಡ್ಲೇ ಬೊಲಿವಿಯಾದ್ದೇ ಆಗತ್ತೆ ಅಂತ. ಮೊಹರು ನನ್ನ ಜೇಬಲ್ಲೇ ಇದೆ."

"ಆ ಕಲ್ಲು ಹಿಡ್ಕೊ," ಎಂದ ಸೆವೆರೊ, ತಲೆಯೆತ್ತದೆ.

"ಯಾವ ಕಲ್ಲು? ನಾನು ಹೇಳ್ತಿರೋದು..."

"ಅದೇ, ಟಬ್ಬಲ್ಲಿರೋದು. ಎರಡೂ ಕೈಲಿ. ನನಗೆ ಭಯ ಆಗ್ತಿದೆ ಕಂಪಾದ್ರೆ, ಮಾತಾಡಿಸಬೇಡ."

ಮೂವತ್ತು ವರ್ಷದಲ್ಲಿ ಸೆವೆರೊ ಭಯ ಎಂಬ ಮಾತಾಡಿದ್ದನ್ನು ಹಿಲಾರಿಯೊ ಕೇಳಿರಲಿಲ್ಲ. ಪುಸ್ತಕವನ್ನು ಎಲ್ಲಿಡಬೇಕೆಂದು ತೋಚದೆ ಸ್ಟೂಲಿನ ಮೇಲಿಟ್ಟು, ಕೋಟಿನ ತೋಳು ಮೇಲೇರಿಸಿ, ಕಲ್ಲನ್ನು ನೀರಿನಲ್ಲಿ ಎರಡೂ ಕೈಯಿಂದ ಹಿಡಿದ. ಸೆವೆರೊ ಒಂದೇ ಎಳೆತಕ್ಕೆ ಕೊಯ್ದ. ಉಳಿದದ್ದು ಕೋಟಿನ ದೊಡ್ಡ ಗುಂಡಿಯಷ್ಟಗಲದ ತುಂಡು. ಅದನ್ನು ತೊಳೆದು ಕಲ್ಲಿನ ಮೇಲಿಟ್ಟು, ಮದುವಣಗಿತ್ತಿಯರ ಮುಸುಕಿಗೆ ಬಳಸುವ ಬಲೆಬಟ್ಟೆಯ ಚೂರು ಹೊದಿಸಿ, ನೀರಿನೊಳಗೇ ದಾರ ಸುತ್ತಿದ. "ಬಿಗಿಯಾಗಿ ಹಿಡಿ, ಆದ್ರೆ ಒತ್ತಬೇಡ," ಎಂದ. ಅಧ್ಯಕ್ಷರು ಒತ್ತದೆ ಬಿಗಿಯಾಗಿ ಹಿಡಿದರು. ಹೊರಗೆ ಭಾಷಣ ಮಾಡುವವರು ಯಾರೂ ಇಲ್ಲದೆ ಆ ವರ್ಷದ ಸಮುದ್ರ ದಿನ ನಲವತ್ತೇ ನಿಮಿಷದಲ್ಲಿ ಮುಗಿಯಿತು. ಇಷ್ಟು ಚೆನ್ನಾಗಿ ಯಾವ ವರ್ಷವೂ ಆಗಿರಲಿಲ್ಲ ಎಂದು ಮಕ್ಕಳ ತಾಯಂದಿರು ಇಂದಿಗೂ ಹೇಳುತ್ತಾರೆ.

ಮಕ್ಕಳು ಕಿಟಕಿಗೆ ಮುಖ ಒತ್ತಿ ನೋಡಿದಾಗ ಕಂಡದ್ದು ಒಂದು ಪ್ಲಾಸ್ಟಿಕ್ ಟಬ್ಬು, ಅದರ ಸುತ್ತ ತೋಳು ಒದ್ದೆಯಾದ ಇಬ್ಬರು ಮುದುಕರು. ಅಷ್ಟಕ್ಕೇ ಹೋದರು. ಪುಸ್ತಕದಲ್ಲಿ ಏನು ಬರೆಯಬೇಕೆಂದು ಹಿಲಾರಿಯೊನಿಗೆ ಇಂದಿಗೂ ತಿಳಿದಿಲ್ಲ. ಪ್ರತಿಜ್ಞೆ ಮಾಡುವುದಕ್ಕೆ, ಖಂಡಿಸುವುದಕ್ಕೆ, ಅಭಿನಂದಿಸುವುದಕ್ಕೆ ಅದರಲ್ಲಿ ಮಾದರಿಗಳಿವೆ. ತಪ್ಪಾಯಿತು ಎಂದು ಬರೆಯುವುದಕ್ಕೆ ಒಂದು ಮಾದರಿಯೂ ಇಲ್ಲ. ಆ ಪುಟ ಖಾಲಿಯಿದೆ.

ತೊಟ್ಟಿಯ ನೀರನ್ನೆಲ್ಲ ಬದಲಾಯಿಸಿದ್ದಾಯಿತು. ಹನ್ನೆರಡು ದಿನ ಸೆವೆರೊ ಸರಿಯಾಗಿ ಉಣ್ಣಲಿಲ್ಲ, ಯಾರಿಗೂ ಪಾಠ ಹೇಳಲಿಲ್ಲ. ಹದಿಮೂರನೆಯ ದಿನ ಬೆಳಗ್ಗೆ ಬಲೆಬಟ್ಟೆಯ ಸಂದಿಯಿಂದ ಕೂದಲೆಳೆಯಂಥ ಐದಾರು ಎಳೆಗಳು ಹೊರಬಂದು ನೀರಿನಲ್ಲಿ ತೂಗುತ್ತಿದ್ದವು. ಸೆವೆರೊ ಹಿಲಾರಿಯೊನಿಗೆ ಹೇಳಿ ಕಳಿಸಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ಮೆಲ್ಲಗೆ ಬಸಿಲಿಯಾಳನ್ನು ಕರೆದ. ಅವಳು ಆಲೂಗಡ್ಡೆ ಸುಲಿಯುತ್ತಿದ್ದ ಕೈಯಲ್ಲೇ ಬಂದು, ಬಗ್ಗಿ ನೋಡಿ, ಸ್ಟೂಲು ಎಳೆದು ಅವನ ಪಕ್ಕ ಕೂತಳು.

"ನಾನೇ ಕೊಲ್ತಿದ್ದೆ ಬಸಿಲಿಯಾ," ಎಂದ ಸೆವೆರೊ. ಅವನ ಕಣ್ಣಲ್ಲಿ ನೀರಿತ್ತು.

"ಗೊತ್ತು," ಎಂದಳು ಅವಳು. "ನಿನಗೇ ಗೊತ್ತಾಗ್ಲಿ ಅಂತ ಕಾಯ್ತಾ ಇದ್ದೆ. ಇನ್ನೆರಡು ದಿನ ನೋಡಿ, ನೀನು ಮಲಗಿದ್ದಾಗ ನಾನೇ ಆ ಬಕೆಟ್ ಉಪ್ಪು ತಂದು ಕದ್ದು ಹಾಕ್ತಿದ್ದೆ."